ಪದವಿನ ಹುಲ್ಲು, ಬೈಲಿನ ಬಾವಿ

ಆಗಸ್ಟ್ 30ರಿಂದ ಒಂಬತ್ತು ದಿನ ಕರಾವಳಿಯ ಇಗರ್ಜಿಗಳಲ್ಲಿ ಮೊಂತಿ ಹಬ್ಬದ ನೊವೆನಾ ನಡೆಯುತ್ತದೆ. ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಿಂದೆ ಈ ಹೂವಿಗಾಗಿ ಯಾರೂ ಪೇಟೆಗೆ ಹೋಗುತ್ತಿರಲಿಲ್ಲ. ಗುಡ್ಡ ಹತ್ತಿ ಪದವಿಗೆ ಹೋಗುತ್ತಿದ್ದರು.

ಬೇಸಿಗೆಯಲ್ಲಿ ಪದವನ್ನು ಕಂಡವರು ಅದನ್ನು ಬಂಜರೆಂದೇ ತಿಳಿಯುವರು. ಕಾದ ಮುರಕಲ್ಲಿನ ಮೇಲೆ ಹೆಬ್ಬೆರಳ ಗಾತ್ರದಷ್ಟೂ ಮಣ್ಣಿರದ ಜಾಗಗಳುಂಟು. ಆದರೆ ಜೂನ್ ಮಳೆ ಬಿದ್ದೊಡನೆ ಅಲ್ಲಿ ಹುಲ್ಲು ಚಿಗುರುತ್ತದೆ. ಆಗಸ್ಟ್ ಹೊತ್ತಿಗೆ ನೀಲಿ ಹೂಗಳ ಯುಟ್ರಿಕ್ಯುಲೇರಿಯಾ, ಬಿಳಿ ಗುಂಡುತಲೆಯ ಎರಿಯೊಕಾಲನ್ ಹಾಸಿಗೆಯಂತೆ ಹರಡುತ್ತವೆ. ಮೊದಲನೆಯದು ಸೂಕ್ಷ್ಮಜೀವಿಗಳನ್ನು ಪುಟ್ಟ ಚೀಲಗಳಲ್ಲಿ ಹಿಡಿದು ತಿಂದು, ಬಡ ಮಣ್ಣಿನಲ್ಲಿ ಬದುಕುವ ಗಿಡ.

ಈ ತೆಳು ಹೊದಿಕೆಯ ಕೆಲಸ ಮಾತ್ರ ತೆಳುವಾದುದಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಬರಿಯ ನೆಲಕ್ಕೆ ಬಡಿದ ಹನಿ ಮಣ್ಣನ್ನು ಪುಡಿಮಾಡುತ್ತದೆ. ಆ ನುಣುಪು ಕೆಸರು ನೆಲದ ರಂಧ್ರಗಳನ್ನು ಮುಚ್ಚಿ, ನೀರು ಕೆಂಪಾಗಿ ಹೊಳೆಗೆ ಓಡುತ್ತದೆ. ಹುಲ್ಲಿನ ಎಸಳು ಹನಿಯ ಪೆಟ್ಟನ್ನು ತಾನು ತಿನ್ನುತ್ತದೆ, ಬೇರು ಮಣ್ಣನ್ನು ಹಿಡಿಯುತ್ತದೆ. ನಿಧಾನಗೊಂಡ ನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು, ಅಡಿಯ ಶೇಡಿ ಮಣ್ಣಿನ ಪದರದಲ್ಲಿ ತಡೆದು, ಓರೆಯಾಗಿ ಸರಿದು ಕೆಳಗಿನ ಬೈಲಿನಲ್ಲಿ ಒರತೆಯಾಗಿ ಹೊಮ್ಮುತ್ತದೆ. ಸುರಂಗ ತೋಡಿದವರಿಗೂ ಬಾವಿ ಕಟ್ಟಿದವರಿಗೂ ದೊರೆತದ್ದು ಇಂತಹ ನೀರೇ.

ನೀರಿನ ಆಸರೆಯನ್ನು ನೋಡಿಯೇ ಹಿರಿಯರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದರು. ಗುಡ್ಡದ ಕುಮ್ಕಿಯಿಂದ ಸೊಪ್ಪು ತಂದು ಹಟ್ಟಿಗೆ ಹಾಸಿ ಗೊಬ್ಬರ ಮಾಡುತ್ತಿದ್ದರು. ಮಳೆ ಮುಗಿದ ಮೇಲೆ ಮಾಡಿಗಾಗಿ ಮುಳಿಹುಲ್ಲು ಕೊಯ್ಯುತ್ತಿದ್ದರು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಹಂಚು ಮನೆಮನೆಗೆ ತಲಪಿದಂತೆ ಮುಳಿಹುಲ್ಲಿನ ಬೆಲೆ ಇಳಿಯಿತು. ಬೆಲೆಯಿಲ್ಲದ ಹುಲ್ಲು ಬೆಳೆಯುವ ನೆಲವೂ ಬೆಲೆಯಿಲ್ಲದ್ದಾಯಿತು.

ಬಂಜರನ್ನು ಹಸಿರಾಗಿಸುವ ಸದುದ್ದೇಶದಿಂದಲೇ ಅಲ್ಲಿಗೆ ಅಕೇಶಿಯಾ ಬಂತು. ವನಮಹೋತ್ಸವದ ಉತ್ಸಾಹದಲ್ಲಿ ಯುವಕರೊಡನೆ ಗುದ್ದಲಿ ಹಿಡಿದು ಅದನ್ನು ನೆಟ್ಟವರಲ್ಲಿ ನಾನೂ ಒಬ್ಬ, ಚಪ್ಪಾಳೆಯೂ ದೊರೆಯಿತು. ಆಸ್ಟ್ರೇಲಿಯಾ ಕಡೆಯ ಈ ಮರದ ದಪ್ಪ ಎಲೆ ಬೇಗ ಕೊಳೆಯದು. ಅದರ ರಾಶಿಯ ಅಡಿಯಿಂದ, ಆ ನೆರಳಿನಿಂದ ಪದವಿನ ಹುಲ್ಲು ತಲೆಯೆತ್ತುವುದು ಕಷ್ಟ. ದೂರದಿಂದ ನೋಡಿದರೆ ಹಸಿರು. ಮೊಂತಿ ಹಬ್ಬದ ಬುಟ್ಟಿ ಹಿಡಿದು ಹೋದ ಮಗುವಿಗೆ ಏನೂ ಇಲ್ಲ. ಇನ್ನು ಕಲ್ಲುಕೋರೆಗಾಗಿ ಪದವನ್ನು ಸೀಳಿದಲ್ಲಿ ಶೇಡಿ ಬಯಲಾಗಿ ಮಳೆಗೆ ಕುಸಿಯತೊಡಗುತ್ತದೆ.

ಮರ ಬೇಡವೆಂದಲ್ಲ. ಕಡಿದು ಬೋಳಾದ ಇಳಿಜಾರಿನಲ್ಲಿ, ತೋಡಿನ ಬದಿಯಲ್ಲಿ ಹಲಸು, ಮಾವು, ಹೊನ್ನೆಗೆ ಬೇಕಾದಷ್ಟು ಜಾಗವಿದೆ. ಪದವಿನಲ್ಲಿ ಹೊಂಡ ತೋಡುವ ಮುನ್ನ ಆಗಸ್ಟ್ ತಿಂಗಳಲ್ಲೊಮ್ಮೆ ಬರಿಗಾಲಲ್ಲಿ ಅಲ್ಲಿ ನಡೆದುಬನ್ನಿ, ಮಕ್ಕಳೂ ಜೊತೆಗಿರಲಿ.