ಕಡಲಾಳದ ಆಟ: ಕೋವಿ ಕೇಳಿದವರಿಗೆ ಸಿಕ್ಕಿದ ಉತ್ತರ ‘ಇಲ್ಲ’

ಕಾಸರಗೋಡು: ಬಾಹ್ಯಾಕಾಶ ನೌಕೆ ಸಮುದ್ರಕ್ಕೆ ಬಿದ್ದಿದೆ. ಸುತ್ತಲೂ ನೀರೋ ನೀರು, ಕುಡಿಯಲು ಮಾತ್ರ ಹನಿ ನೀರಿಲ್ಲ. ಮುಳುಗಿದರೆ ಉಸಿರು 45 ಸೆಕೆಂಡಿಗಷ್ಟೇ. ಆಳದಲ್ಲಿ ಏನೋ ಗರ್ಜಿಸುತ್ತಿದೆ. ಒಂದು ಚೂರಿ ಬೇಕೆಂದರೂ ನೀವೇ ಮಾಡಿಕೊಳ್ಳಬೇಕು!

‘ಒಂದು ಕೋವಿಯಾದರೂ ಕೊಡಿ ಮಾರಾಯ್ರೆ’ ಎಂದು ಯಾರಿಗಾದರೂ ಅನಿಸೀತು. ‘ಸಬ್‌ನಾಟಿಕಾ’ ಎಂಬ ವಿಡಿಯೋ ಗೇಮ್ ಆಡಿದವರಲ್ಲಿ ಹಲವರು ಅದನ್ನೇ ಕೇಳಿದರು. ಬೇರೆ ಸಲಹೆಗಳಿಗೆ ಕಿವಿಗೊಟ್ಟ ತಯಾರಕರು ಇದೊಂದಕ್ಕೆ ಮಾತ್ರ ಒಪ್ಪಲಿಲ್ಲ. ಅದರ ಹಿಂದೆ ಒಂದು ನೋವಿನ ಕತೆ ಇದೆ.

ಆಡುತ್ತಾ ಬೆಳೆದ ಆಟ

ಅಮೆರಿಕದ ಅನ್‌ನೋನ್ ವರ್ಲ್ಡ್ಸ್ ಕಂಪನಿಯ ಈ ಆಟ 2014ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದಾಗ ಅರ್ಧಂಬರ್ಧ ಸ್ಥಿತಿಯಲ್ಲಿತ್ತು. ಅಡುಗೆ ಮುಗಿಯುವ ಮೊದಲೇ ರುಚಿ ನೋಡಲು ಕರೆದ ಹಾಗೆ! ಪೂರ್ಣ ರೂಪದಲ್ಲಿ ಹೊರಬಂದದ್ದು 2018ರ ಜನವರಿಯಲ್ಲಿ. ನಡುವಿನ ಮೂರು ವರ್ಷ ಆಟಗಾರರು ಆಡುತ್ತಾ, ಬೈಯುತ್ತಾ, ಹೊಗಳುತ್ತಾ ಸಲಹೆ ಕೊಡುತ್ತಲೇ ಇದ್ದರು.

ಇದಕ್ಕೆ ಆಟದೊಳಗೇ ವ್ಯವಸ್ಥೆ ಇತ್ತು. ಕೀಬೋರ್ಡಿನ ಎಫ್8 ಒತ್ತಿದರೆ ಒಂದು ಚೌಕ ತೆರೆದುಕೊಳ್ಳುತ್ತಿತ್ತು. ಖುಷಿಯೋ ಸಿಟ್ಟೋ ಎಂದು ಮುಖದ ಚಿತ್ರ ಆರಿಸಿ, ಅನಿಸಿದ್ದನ್ನು ಬರೆದು ಕಳುಹಿಸಿದರೆ ಅದು ನೇರವಾಗಿ ತಯಾರಕರಿಗೆ ತಲುಪುತ್ತಿತ್ತು. ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯನ್ನೂ ಎಲ್ಲರೂ ನೋಡುವಂತೆ ಇಡಲಾಗಿತ್ತು.

ಕೇಳಿದ್ದೆಲ್ಲ ಸಿಗುತ್ತದೆ ಎಂದಲ್ಲ. ಸಮುದ್ರದ ನೆಲವನ್ನು ಅಗೆಯುವ ಉಪಕರಣವೊಂದು ಮೊದಲು ಇತ್ತು. ಅದರಿಂದ ಆಟದ ವೇಗಕ್ಕೆ ಹೊಡೆತ ಬೀಳುತ್ತಿದ್ದುದರಿಂದ ತೆಗೆದುಹಾಕಲಾಯಿತು. ಗೆಳೆಯರೊಂದಿಗೆ ಸೇರಿ ಆಡುವ ಅವಕಾಶ ಕೊಡಿ ಎಂಬ ಬೇಡಿಕೆಯೂ ಮೊದಲ ಆಟದಲ್ಲಿ ಈಡೇರಲಿಲ್ಲ. 2024ರಲ್ಲಿ ‘ಸಬ್‌ನಾಟಿಕಾ 2’ ಆಟವನ್ನು ಜನರ ಮುಂದಿಟ್ಟಾಗ, ನಾಲ್ವರ ತನಕ ಒಟ್ಟಿಗೆ ಆಡಬಹುದು ಎಂದು ಕಂಪನಿ ಹೇಳಿತು. ಹತ್ತು ವರ್ಷ ಕಾದವರಿಗೆ ಸಿಕ್ಕ ಉತ್ತರ ಅದು.

ಕೋವಿ ಯಾಕಿಲ್ಲ?

ಇದೇ ಕಂಪನಿ 2012ರ ಅಕ್ಟೋಬರಿನಲ್ಲಿ ಹೊರತಂದ ‘ನ್ಯಾಚುರಲ್ ಸೆಲೆಕ್ಷನ್ 2’ ಆಟದ ತುಂಬಾ ಕೋವಿಗಳೇ. ಅದೇ ವರ್ಷ ಡಿಸೆಂಬರ್ 14ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಗೆ ನುಗ್ಗಿದ ದುಷ್ಕರ್ಮಿಯೊಬ್ಬ ಗುಂಡು ಹಾರಿಸಿ 20 ಪುಟ್ಟ ಮಕ್ಕಳನ್ನೂ ಆರು ಮಂದಿ ಸಿಬ್ಬಂದಿಯನ್ನೂ ಕೊಂದ. ಇನ್ನೊಂದು ಕೋವಿಯ ಆಟ ಮಾಡಲು ‘ಸಬ್‌ನಾಟಿಕಾ’ದ ನಿರ್ದೇಶಕ ಚಾರ್ಲಿ ಕ್ಲೀವ್‌ಲ್ಯಾಂಡ್ ಅವರಿಗೆ ಮನಸ್ಸು ಬರಲಿಲ್ಲ. ಕೋವಿ ಕಡಿಮೆ ಇರುವ ಲೋಕಕ್ಕೆ ತಮ್ಮ ಆಟ ಒಂದು ಮತ ಎಂಬರ್ಥದಲ್ಲಿ ಅವರು ಆಮೇಲೆ ಹೇಳಿದ್ದುಂಟು.

ಚೂರಿ ಇದೆ ನಿಜ. ಹಟ ಹಿಡಿದರೆ ದೊಡ್ಡ ಪ್ರಾಣಿಯನ್ನೂ ಕೊಲ್ಲಬಹುದು. ಆದರೆ ಕೊಂದರೆ ಬಹುಮಾನ ಇಲ್ಲ, ಅಂಕವೂ ಇಲ್ಲ. ಹಾಗಾಗಿ ಆಟಗಾರ ಬೇರೆ ದಾರಿ ಕಲಿಯುತ್ತಾನೆ. ಸದ್ದು ಕೇಳಿ ದೂರ ಸರಿಯುತ್ತಾನೆ, ಜಲಾಂತರ್ನೌಕೆಯ ಸದ್ದಡಗಿಸಿ ಮೆಲ್ಲನೆ ಜಾರುತ್ತಾನೆ.

ಕೋವಿ ಕೇಳಿದವರ ಮಾತಿನ ಒಳಗಿದ್ದದ್ದು ಹೆದರಿಕೆ. ಆ ಹೆದರಿಕೆಯೇ ಆಟದ ಜೀವಾಳ ಎಂಬುದನ್ನು ತಯಾರಕರು ಗುರುತಿಸಿದ್ದರು. ಕೋವಿ ಕೊಟ್ಟಿದ್ದರೆ ಹೆದರಿಕೆಯೂ ಹೋಗುತ್ತಿತ್ತು, ಆಟವೂ ಹೋಗುತ್ತಿತ್ತು. ಕೋವಿ ಇಲ್ಲದ ಆಟವನ್ನು ಯಾರು ಕೊಳ್ಳುತ್ತಾರೆ ಎನ್ನುವವರಿಗೂ ಉತ್ತರ ಸಿಕ್ಕಿದೆ. 2020ರ ಜನವರಿ ಹೊತ್ತಿಗೆ 50 ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಖರ್ಚಾಗಿದ್ದವು!

ಕರಾವಳಿಯ ಮಕ್ಕಳು ಏನು ಕೇಳಬಹುದು?

ಸಲಹೆ ಕೊಡಲು ಕಂಪ್ಯೂಟರ್ ಪಂಡಿತರೇ ಆಗಬೇಕೆಂದಿಲ್ಲ. ಸಮುದ್ರ ಕಂಡವರಾದರೆ ಇನ್ನೂ ಒಳ್ಳೆಯದು. ಮಂಜೇಶ್ವರದಿಂದ ತೃಕ್ಕರಿಪುರದ ತನಕ ಅಲೆಯ ಸದ್ದು ಕೇಳುತ್ತಲೇ ಬೆಳೆದ ಮಕ್ಕಳ ಬಳಿ ಇದಕ್ಕೆ ಬೇಕಾದ ಸರಕು ಬೇಕಾದಷ್ಟಿದೆ.

ಕೇರಳ ಕರಾವಳಿಯಲ್ಲಿ ‘ಕಳ್ಳಕ್ಕಡಲ್’ ಎನ್ನುವುದುಂಟು. ಕಳ್ಳನ ಹಾಗೆ ಬರುವ ಕಡಲು ಎಂದರ್ಥ. ಗಾಳಿ ಇಲ್ಲ, ಮಳೆ ಇಲ್ಲ, ಆದರೂ ಅಲೆ ಉಬ್ಬಿ ಮನೆಯಂಗಳಕ್ಕೆ ನುಗ್ಗುತ್ತದೆ. ಕಾರಣ, ಬಲು ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿ. ಇದರ ಮುನ್ನೆಚ್ಚರಿಕೆ ಬರುವುದು ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆಯಿಂದ. ದೂರದ ಸೂಚನೆ ಓದಿ ಅಲೆ ಬರುವ ಮೊದಲೇ ನೆಲೆ ಬದಲಿಸಬೇಕಾದ ಆಟ ಹೇಗಿರಬಹುದು?

ಇನ್ನೊಂದು, ಟ್ರಾಲಿಂಗ್ ನಿಷೇಧ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ ಕೊನೆಯ ತನಕ 52 ದಿನ ಟ್ರಾಲ್ ಬೋಟುಗಳು ದಡದಲ್ಲೇ ಇರುತ್ತವೆ. ‘ಸಬ್‌ನಾಟಿಕಾ’ದಲ್ಲಿ ತೊಟ್ಟಿಯಲ್ಲಿ ಮೀನು ಸಾಕಿ ಮರಿ ಮಾಡಿಸಬಹುದು. ತೆರೆದ ಕಡಲಲ್ಲೂ ಕೆಲವು ದಿನ ಮೀನು ಹಿಡಿಯದೆ ಬಿಟ್ಟರೆ ಸಂತತಿ ಹೆಚ್ಚುವ ಹಾಗೆ ಮಾಡಿದರೆ ಆಟಗಾರ ಹಸಿವನ್ನೂ ನಾಳೆಯನ್ನೂ ತೂಗಿ ನೋಡಬೇಕಾದೀತು.

ಏನು ಬೇಕು ಎಂದಷ್ಟೇ ಬರೆದರೆ ಸಾಲದು, ಅದು ಬಂದರೆ ಆಡುವವನ ಮನಸ್ಸಿನಲ್ಲಿ ಏನು ಬದಲಾಗುತ್ತದೆ ಎಂದೂ ಬರೆಯಬೇಕು. ‘ಕೋವಿ ಕೊಡಿ’ ಎಂದವರು ಮರೆತದ್ದು ಅದನ್ನೇ.