ಅಂಕವೂ ಅಂಕಿತವೂ: ವಿದ್ಯಾರ್ಥಿಗಳಲ್ಲಿ ಕೃತಿಚೌರ್ಯ ಮತ್ತು ನಕಲು

ವಚನಗಳನ್ನು ಓದುವ ಅಭ್ಯಾಸವುಳ್ಳವರು ಕೊನೆಯಲ್ಲಿ ಬರುವ ಅಂಕಿತವನ್ನು ಕಂಡೊಡನೆ ಅದು ಯಾರ ವಾಣಿ ಎಂಬುದನ್ನು ಗುರುತಿಸುತ್ತಾರೆ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭುದೇವರದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯವರದು. ಶರಣರು ತಮ್ಮ ಹೆಸರನ್ನು ಬರೆದುಕೊಳ್ಳಲಿಲ್ಲ, ಇಷ್ಟದೈವದ ಹೆಸರನ್ನು ಇರಿಸಿದರು. ಆದರೂ ಎಂಟು ಶತಮಾನಗಳ ನಂತರ ಒಬ್ಬರ ಮಾತು ಇನ್ನೊಬ್ಬರದಾಗದೆ ಉಳಿದಿರುವುದು ಬಹುಮಟ್ಟಿಗೆ ಈ ಅಂಕಿತಗಳಿಂದಲೇ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯನ್ನು ಸಂಕಲಿಸಿದಾಗ ಸಂವಾದದ ಹಂದರವನ್ನು ತಾವು ಕಟ್ಟಿದರು, ವಚನಗಳನ್ನು ಅವರವರ ಅಂಕಿತದೊಂದಿಗೇ ಅದರಲ್ಲಿ ಜೋಡಿಸಿದರು. ವಚನ ಪಿತಾಮಹ ಫ.ಗು. ಹಳಕಟ್ಟಿಯವರಿಂದ ಹಿಡಿದು ಡಾ. ಎಂ.ಎಂ. ಕಲಬುರ್ಗಿಯವರವರೆಗೆ ಸಂಪಾದಕರೆಲ್ಲರೂ ಓಲೆಗರಿಗಳನ್ನು ಹೋಲಿಸುತ್ತ ಶ್ರಮಿಸಿದ್ದು, ಯಾವ ವಚನ ಯಾರದು ಎಂಬ ಒಂದು ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡುವ ಸಲುವಾಗಿಯೂ ಹೌದು. ಅಂಕಿತದ ವಿಷಯ ನಮಗೆ ಎಷ್ಟು ಸೂಕ್ಷ್ಮವೆಂದರೆ, ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಪ್ರಕಟಿಸಿದ ಗ್ರಂಥವೊಂದರ ವಿವಾದವು ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಇತ್ಯರ್ಥವಾಯಿತು.

ಇಂತಹ ಪರಂಪರೆಯ ವಾರಸುದಾರರ ಮನೆಯ ಮಕ್ಕಳು ಇಂದು ತಮ್ಮದಲ್ಲದ ಬರಹದ ಕೆಳಗೆ ತಮ್ಮ ಹೆಸರನ್ನು ಬರೆದು ಸಲ್ಲಿಸುತ್ತಿದ್ದಾರೆ. ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಕಾಲೇಜುಗಳೂ ಕೋಚಿಂಗ್ ಕೇಂದ್ರಗಳೂ ಪೇಯಿಂಗ್ ಗೆಸ್ಟ್ ಮನೆಗಳೂ ಒತ್ತೊತ್ತಾಗಿವೆ. ಉತ್ತರ ಕರ್ನಾಟಕದ, ಹಳೆಯ ಮೈಸೂರು ಭಾಗದ ರೈತಾಪಿ ಕುಟುಂಬಗಳು ಸಾಲ ಮಾಡಿಯಾದರೂ ಮಕ್ಕಳನ್ನು ಓದಲು ಕಳುಹಿಸುವುದು ಇಲ್ಲಿಗೇ. ಇದೇ ಬೀದಿಗಳಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟನ್ನು ಹಣಕ್ಕೆ ಸಿದ್ಧಪಡಿಸಿಕೊಡುವ ಅಂಗಡಿಗಳ ಫಲಕಗಳೂ ಕಾಣುತ್ತವೆ. ಪ್ರೋಗ್ರಾಂ, ವರದಿ, ವೈವಾದಲ್ಲಿ ಹೇಳಬೇಕಾದ ಉತ್ತರ, ಎಲ್ಲವೂ ಒಟ್ಟಿಗೆ ದೊರೆಯುತ್ತವೆ. ಇವುಗಳಲ್ಲಿ ನಿಜವಾಗಿ ಕಲಿಸುವ ಕೇಂದ್ರಗಳೂ ಇವೆ ಎಂಬುದನ್ನು ಮರೆಯಬಾರದು. ಆದರೆ ನಾಲ್ಕು ವರ್ಷದ ಓದಿನ ಫಲವೆಂದು ಸಲ್ಲಿಸುವ ಕೃತಿಯನ್ನು ಕೊಂಡು ತರುವುದು ಅಪರೂಪವಲ್ಲದ ರೂಢಿಯಾಗಿದೆ, ಅದನ್ನು ಕೇಳಿ ಯಾರೂ ಬೆಚ್ಚುವುದೂ ಇಲ್ಲ.

ಇಲ್ಲಿ ಎರಡು ಪದಗಳ ವ್ಯತ್ಯಾಸ ತಿಳಿದಿರಬೇಕು. ಪರೀಕ್ಷಾ ಕೊಠಡಿಯಲ್ಲಿ ಚೀಟಿ ನೋಡಿ ಬರೆಯುವುದು, ಪಕ್ಕದವರ ಉತ್ತರವನ್ನು ಇಳಿಸಿಕೊಳ್ಳುವುದು ನಕಲು. ಬೇರೊಬ್ಬರ ವಾಕ್ಯ, ವಿಚಾರ, ಚಿತ್ರ, ಲೆಕ್ಕ ಅಥವಾ ಪ್ರೋಗ್ರಾಮನ್ನು ಅವರ ಹೆಸರು ಹೇಳದೆ ತನ್ನದೆಂದು ತೋರಿಸುವುದು ಕೃತಿಚೌರ್ಯ. ನಕಲು ಮಾಡುವವನಿಗೆ ತಾನು ತಪ್ಪು ಮಾಡುತ್ತಿದ್ದೇನೆ ಎಂಬುದು ಗೊತ್ತಿರುತ್ತದೆ. ಕೃತಿಚೌರ್ಯ ಮಾಡುವ ಅನೇಕ ಮಕ್ಕಳಿಗೆ ಅದೂ ಗೊತ್ತಿರುವುದಿಲ್ಲ. ಪ್ರಾಥಮಿಕ ಶಾಲೆಯ ಪ್ರಾಜೆಕ್ಟಿಗೆ ಚಿತ್ರ ಅಂಟಿಸಿ, ಅಂತರ್ಜಾಲದ ಪುಟವನ್ನು ಹಾಗೆಯೇ ಇಳಿಸಿ ಬರೆದರೆ ‘ವೆರಿ ಗುಡ್’ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ಬರೆಯುವವರು ತಾಯಂದಿರೇ. ಹತ್ತು ವರ್ಷ ಹೀಗೆ ಮೆಚ್ಚುಗೆ ಪಡೆದ ಮಗುವಿಗೆ ಕಾಲೇಜಿನಲ್ಲಿ ಇದ್ದಕ್ಕಿದ್ದಂತೆ ಇದು ಕಳ್ಳತನ ಎಂದರೆ ಅದಕ್ಕೆ ಅರ್ಥವಾಗುವುದಾದರೂ ಹೇಗೆ?

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯ ತಡೆಯಲು ನಿಯಮಾವಳಿಯನ್ನು ಜಾರಿಗೊಳಿಸಿತು. ಸ್ನಾತಕೋತ್ತರ ಮತ್ತು ಸಂಶೋಧನಾ ಪ್ರಬಂಧಗಳನ್ನು ತಂತ್ರಾಂಶದ ಮೂಲಕ ಪರಿಶೀಲಿಸಬೇಕೆಂದು ಅದು ವಿಧಿಸುತ್ತದೆ. ಸಾಮ್ಯ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗೆ ಇದ್ದರೆ 6 ತಿಂಗಳನ್ನು ಮೀರದ ಅವಧಿಯಲ್ಲಿ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ. 40ರಿಂದ 60ರವರೆಗೆ ಇದ್ದರೆ 1 ವರ್ಷ ತಿದ್ದಿದ ಪ್ರತಿಯನ್ನು ಸಲ್ಲಿಸುವಂತಿಲ್ಲ. ಶೇ. 60 ದಾಟಿದರೆ ನೋಂದಣಿಯೇ ರದ್ದು. ಮೂಲವನ್ನು ಹೆಸರಿಸಿ ಉದ್ಧರಿಸಿದ ಮಾತುಗಳನ್ನು ಈ ಲೆಕ್ಕದಿಂದ ಹೊರಗಿಡಲಾಗುತ್ತದೆ. ನಿಯಮದ ತಿರುಳು ಇರುವುದು ಈ ವಿನಾಯಿತಿಯಲ್ಲಿಯೇ. ಪರರ ಮಾತನ್ನು ಬಳಸಬಾರದು ಎಂದು ಯಾರೂ ಹೇಳುತ್ತಿಲ್ಲ, ಅವರ ಅಂಕಿತವನ್ನು ಅಳಿಸಬಾರದು ಎನ್ನುತ್ತಿದ್ದಾರೆ. ಆದರೆ ತಂತ್ರಾಂಶವು ಪದಗಳ ಹೋಲಿಕೆಯನ್ನು ಮಾತ್ರ ಹಿಡಿಯಬಲ್ಲದು. ಕೊಂಡು ತಂದ ಹೊಸ ಬರಹವನ್ನು, ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಪುಟವನ್ನು ಅದು ನಂಬಿಕೆಯಿಂದ ಗುರುತಿಸಲಾರದು. ಚಾಟ್‌ಜಿಪಿಟಿಯಂತಹ ಸಾಧನಗಳು 2022ರ ಕೊನೆಯಲ್ಲಿ ಬಂದ ಮೇಲೆ ಶೇಕಡಾವಾರು ಲೆಕ್ಕವನ್ನೇ ನಂಬಿ ಕೂರುವುದು ಸಾಧ್ಯವಿಲ್ಲದಂತಾಗಿದೆ.

ಪರೀಕ್ಷಾ ಕೊಠಡಿಯ ಕಥೆ ಬೇರೆ. 2016ರ ಮಾರ್ಚ್ 21ರಂದು ನಡೆದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಪರೀಕ್ಷೆ ರದ್ದಾಯಿತು. ಮಾರ್ಚ್ 31ಕ್ಕೆ ನಿಗದಿಯಾದ ಮರುಪರೀಕ್ಷೆಯ ಪತ್ರಿಕೆಯೂ ಸೋರಿತು. ಕೊನೆಗೆ ಪರೀಕ್ಷೆ ನಡೆದದ್ದು ಏಪ್ರಿಲ್ 12ರಂದು. ಸಿಐಡಿ ತನಿಖೆಯಲ್ಲಿ ಸರ್ಕಾರಿ ನೌಕರರೂ ಬಂಧಿತರಾದರು. ಲಕ್ಷಕ್ಕೂ ಹೆಚ್ಚು ಮಕ್ಕಳು, ಅವರಲ್ಲಿ ಬಹುಪಾಲು ಏನೂ ಅರಿಯದವರು, ಒಂದೇ ವಿಷಯಕ್ಕೆ ಮತ್ತೆ ಮತ್ತೆ ಸಿದ್ಧರಾಗಬೇಕಾಯಿತು. ನಕಲಿನಿಂದ ಯಾರಿಗೂ ನಷ್ಟವಿಲ್ಲ ಎನ್ನುವವರು ಆ ಮೂರು ವಾರಗಳನ್ನು ನೆನೆಯಬೇಕು.

2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ, ಶೇ. 73.40ಕ್ಕೆ ಇಳಿಯಿತು. ಈ ಇಳಿಕೆಗೆ ಮಕ್ಕಳನ್ನು ಬೈದವರೇ ಹೆಚ್ಚು. ಹಿಂದಿನ ವರ್ಷಗಳಲ್ಲಿ ಕೊಠಡಿಯೊಳಗೆ ನಿಂತು ಕಣ್ಣು ಮುಚ್ಚಿದ, ಕೆಲವೆಡೆ ಕೈ ಜೋಡಿಸಿದ ಹಿರಿಯರ ಬಗ್ಗೆ ಅಷ್ಟು ಮಾತು ಕೇಳಿಬರಲಿಲ್ಲ. ಇನ್ನೊಂದು ತುದಿಯೂ ಇದೆ. 2019ರ ಅಕ್ಟೋಬರಿನಲ್ಲಿ ಹಾವೇರಿಯ ಖಾಸಗಿ ಪಿಯು ಕಾಲೇಜೊಂದರಲ್ಲಿ ನಕಲು ತಡೆಯಲೆಂದು ವಿದ್ಯಾರ್ಥಿಗಳ ತಲೆಗೆ ರಟ್ಟಿನ ಪೆಟ್ಟಿಗೆ ತೊಡಿಸಿ ಪರೀಕ್ಷೆ ಬರೆಸಿದ ಚಿತ್ರ ದೇಶದಾಚೆಗೂ ಹರಡಿತು. ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರು ಅದನ್ನು ಖಂಡಿಸಿದರು. ಮಗುವನ್ನು ಪಶುವಿನಂತೆ ಕಂಡು ಸತ್ಯವಂತನನ್ನಾಗಿ ಮಾಡಲು ಬರುವುದಿಲ್ಲ.

ಬಸವಣ್ಣನವರು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ನೀಡಿದ ಏಳು ನಿಷೇಧಗಳಲ್ಲಿ ಕಳವು ಮೊದಲನೆಯದು, ಹುಸಿ ಮೂರನೆಯದು. ಕೃತಿಚೌರ್ಯದಲ್ಲಿ ಇವೆರಡೂ ಸೇರಿವೆ. ಆದರೆ ವಿದ್ಯಾರ್ಥಿಗೆ ಇನ್ನೂ ಹತ್ತಿರವಾಗುವ ಪ್ರಸಂಗ ಆಯ್ದಕ್ಕಿ ಲಕ್ಕಮ್ಮನವರದು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಿನ ಕಾಯಕಕ್ಕೆ ಮೀರಿದ್ದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ತಿಳಿಸಿದರು. ಆ ಅಕ್ಕಿ ಕದ್ದದ್ದೇನೂ ಆಗಿರಲಿಲ್ಲ, ಬಡವರ ಮನೆಯಲ್ಲಿ ಅದು ಬೇಡವೆನ್ನುವಂಥದ್ದೂ ಅಲ್ಲ. ತಮ್ಮ ಶ್ರಮದ ಅಳತೆಗೆ ಮೀರಿದ್ದು ಎಂಬುದೊಂದೇ ಆಕ್ಷೇಪ. ಓದು ವಿದ್ಯಾರ್ಥಿಯ ಕಾಯಕವಾದರೆ ಅಂಕ ಅವನು ಆಯ್ದ ಅಕ್ಕಿ. ನೂರಕ್ಕೆ 58 ಬಂದದ್ದು ತನ್ನದೇ ಆದರೆ ಆ ಮನೆಯಲ್ಲಿ ಅದಕ್ಕೆ ಗೌರವ ಸಿಗಬೇಕು. ತೊಂಬತ್ತರ ಕೆಳಗೆ ಬಂದವನನ್ನು ಸಂಬಂಧಿಕರ ಮುಂದೆ ತಲೆ ತಗ್ಗಿಸುವಂತೆ ಮಾಡುವ ಮನೆಯು ನಕಲಿನ ಮೊದಲ ಪಾಠಶಾಲೆ.

ಉಪಾಯಗಳಲ್ಲಿ ಬಹಳ ಹಳೆಯದೇ ಇಂದಿಗೂ ಗಟ್ಟಿ: ಕೇಳುವುದು. ಮಗು ತಂದ ಪ್ರಾಜೆಕ್ಟನ್ನು ಮುಚ್ಚಿಟ್ಟು, ಇದರಲ್ಲಿ ಏನಿದೆ ಹೇಳು ಎಂದರೆ ಐದು ನಿಮಿಷದಲ್ಲಿ ಎಲ್ಲವೂ ತಿಳಿಯುತ್ತದೆ. ಅನುಭವ ಮಂಟಪದಲ್ಲಿ ನಡೆದದ್ದೂ ಪ್ರಶ್ನೋತ್ತರವೇ. ಅಧ್ಯಾಪಕರಿಗೆ ಅರವತ್ತು ಮಂದಿಯ ತರಗತಿಯಲ್ಲಿ ಇದು ಕಷ್ಟ, ನಿಜ. ಆದರೆ ತಂದೆತಾಯಿಗಳಿಗೆ ಕಷ್ಟವಲ್ಲ.

ನಮ್ಮ ಸಂಘಸಂಸ್ಥೆಗಳೂ ಇಲ್ಲಿಂದಲೇ ಆರಂಭಿಸಬಹುದು. ಬಸವ ಜಯಂತಿಯ ಪ್ರಬಂಧ ಸ್ಪರ್ಧೆಗಳಿಗೆ ಬರುವ ಬರಹಗಳಲ್ಲಿ ಒಂದೇ ಪೀಠಿಕೆ, ಒಂದೇ ವಾಕ್ಯಗಳು ಮರಳಿ ಮರಳಿ ಕಾಣುವುದುಂಟು. ಪ್ರತಿ ಪ್ರಬಂಧದ ಕೊನೆಯಲ್ಲಿ ಒಂದು ಪುಟವನ್ನು ಕಡ್ಡಾಯವಾಗಿ ಮೀಸಲಿಡಲಿ: ಯಾವ ಪುಸ್ತಕ ಓದಿದೆ, ಯಾವ ವಚನ ಯಾವ ಅಂಕಿತದ್ದು, ಯಾರು ನೆರವಾದರು, ಯಂತ್ರದ ಸಹಾಯ ಪಡೆದಿದ್ದರೆ ಎಲ್ಲಿ. ತೀರ್ಪುಗಾರರು ಆ ಪುಟವನ್ನೇ ಮೊದಲು ಓದಲಿ, ಅದಕ್ಕೂ ಅಂಕ ಕೊಡಲಿ.