ಹೊಸ ಲ್ಯಾಪ್‌ಟಾಪ್, ಕಪ್ಪು ಪರದೆ

ಕಾಲೇಜು ಶುರುವಾಗುವ ಹೊತ್ತಿಗೆ ನೆಂಟರಿಷ್ಟರ ಮಕ್ಕಳು ಹೊಸ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬರುತ್ತಾರೆ. "ಆಂಟಿ, ಕೋಡಿಂಗಿಗೆ ಬೇಕಾದ್ದೆಲ್ಲ ಹಾಕ್ಕೊಡಿ." ನಾನು ಹಾಕಿಕೊಡುವುದಿಲ್ಲ. ಪಕ್ಕದಲ್ಲಿ ಕೂತು ಅವರ ಕೈಯಲ್ಲೇ ಟೈಪ್ ಮಾಡಿಸುತ್ತೇನೆ. ಮೌಸ್ ದೂರ ಸರಿಸಿಡುತ್ತೇನೆ. ಸ್ವಲ್ಪ ನಾಟಕ, ಇರಲಿ.

ಬಹುತೇಕರದ್ದು ವಿಂಡೋಸ್. ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ ಎಂಬ ಸೌಲಭ್ಯವನ್ನು ಮೈಕ್ರೋಸಾಫ್ಟ್ 2016ರಲ್ಲಿ ತಂದಿತು. ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಒಂದೇ ಒಂದು ಸಾಲು ಹೊಡೆದು, ರೀಸ್ಟಾರ್ಟ್ ಮಾಡಿದರೆ ಉಬುಂಟು ಎಂಬ ಲಿನಕ್ಸ್ ಸಿದ್ಧ. ಅದು ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಇಲ್ಲಿ ಮಕ್ಕಳು ಗಾಬರಿಯಾಗುತ್ತಾರೆ: "ಕೀಬೋರ್ಡ್ ಕೆಲಸ ಮಾಡ್ತಿಲ್ಲ!" ಮಾಡುತ್ತಿರುತ್ತದೆ. ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಚುಕ್ಕಿಯೂ ಮೂಡುವುದಿಲ್ಲ, ಅಷ್ಟೆ. ಎಷ್ಟು ಅಕ್ಷರ ಎಂಬುದೂ ಬೆನ್ನ ಹಿಂದೆ ನಿಂತವರಿಗೆ ಗೊತ್ತಾಗುವುದಿಲ್ಲ.

ಆಮೇಲೆ ಆಪ್ಟ್. ಉಬುಂಟುವಿನಲ್ಲಿ ಸಾಫ್ಟ್‌ವೇರ್ ತರಿಸಿ ಕೂರಿಸುವುದು ಇದರ ಕೆಲಸ. 'ಆಪ್ಟ್ ಅಪ್‌ಡೇಟ್' ಎಂದರೆ ಏನೇನು ಸಿಗುತ್ತದೆ ಎಂಬ ಪಟ್ಟಿ ಮಾತ್ರ ಹೊಸದಾಗುತ್ತದೆ. ಸಾಮಾನು ಹೊಸದಾಗಬೇಕಾದರೆ 'ಅಪ್‌ಗ್ರೇಡ್' ಹೊಡೆಯಬೇಕು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್, ನೆಟ್ಟಿನಿಂದ ಫೈಲ್ ತರುವ ಕರ್ಲ್, ಒಂದು ಸಿ ಕಂಪೈಲರ್ ಹಾಕಿಸಿ ಸುಮ್ಮನಾಗುತ್ತೇನೆ. ಯೂಟ್ಯೂಬಿನಲ್ಲಿ ಯಾರೋ ಹೇಳಿದ ಐವತ್ತು ಟೂಲುಗಳನ್ನು ಮೊದಲ ದಿನವೇ ತುಂಬಿಕೊಳ್ಳುವವರನ್ನು ಕಂಡರೆ ನನಗಾಗದು.

ನಿಜವಾದ ತಲೆನೋವು ಪಾತ್. ನೀವು ಒಂದು ಕಮಾಂಡ್ ಹೊಡೆದಾಗ ಅದನ್ನು ಓದಿ ಓಡಿಸುವ ಶೆಲ್ ಇಡೀ ಡಿಸ್ಕ್ ಜಾಲಾಡುವುದಿಲ್ಲ. ಪಾತ್ ಎಂಬ ಸಾಲಿನಲ್ಲಿ ಕೋಲನ್ ಹಾಕಿ ಬರೆದಿಟ್ಟ ಫೋಲ್ಡರುಗಳನ್ನು ಮಾತ್ರ, ಎಡದಿಂದ ಬಲಕ್ಕೆ, ಒಂದೊಂದಾಗಿ ನೋಡುತ್ತದೆ. ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ. ಎಲ್ಲೂ ಸಿಗದಿದ್ದರೆ 'ಕಮಾಂಡ್ ನಾಟ್ ಫೌಂಡ್'.

ನನ್ನ ತಂಗಿಯ ಮಗಳು ವಿಂಡೋಸಿನಲ್ಲಿ ಮೊದಲೇ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಹಾಕಿಕೊಂಡಿದ್ದಳು. ನೋಡ್ ಜೊತೆ ಬರುವ ಎನ್‌ಪಿಎಂ ಅನ್ನು ಉಬುಂಟುವಿನಲ್ಲಿ ಹೊಡೆದರೆ ಓಡುತ್ತದೆ, ಆದರೆ ಚಿತ್ರವಿಚಿತ್ರ ಎರರ್ ಉಗುಳುತ್ತದೆ. ಯಾವ ಫೋಲ್ಡರಿನದು ಓಡುತ್ತಿದೆ ಎಂದು ನೋಡಲು 'ವಿಚ್ ಎನ್‌ಪಿಎಂ' ಅಂತ ಕೇಳು ಎಂದೆ. ಬಂದ ಉತ್ತರ ಸಿ ಡ್ರೈವಿನ ಪ್ರೋಗ್ರಾಮ್ ಫೈಲ್ಸ್ ವಿಳಾಸ! ಡಬ್ಲ್ಯುಎಸ್ಎಲ್ ತನ್ನ ಪಾತಿನ ಕೊನೆಗೆ ವಿಂಡೋಸಿನ ಪಾತನ್ನೂ ಅಂಟಿಸಿಕೊಂಡಿರುತ್ತದೆ. ಲಿನಕ್ಸಿನ ಎನ್‌ಪಿಎಂ ಇಲ್ಲದ್ದರಿಂದ ಶೆಲ್ ಹುಡುಕುತ್ತಾ ಹೋಗಿ ಪಕ್ಕದ ಮನೆಯವರನ್ನು ಎಬ್ಬಿಸಿತ್ತು. ಉಬುಂಟುವಿನೊಳಗೇ ನೋಡ್ ಹಾಕಿದ ಮೇಲೆ ಸರಿಹೋಯಿತು. ಅಂದಿನಿಂದ ಅವಳು ಏನೇ ಕೆಟ್ಟರೂ ಮೊದಲು 'ವಿಚ್' ಕೇಳುತ್ತಾಳೆ, ಆಮೇಲೆ ನನಗೆ ಫೋನು.

ಹೊಸ ಫೋಲ್ಡರನ್ನು ಪಾತಿಗೆ ಸೇರಿಸುವಾಗ ಹಳೆಯ ಪಾತನ್ನೂ ಉಳಿಸಿಕೊಂಡು ಬರೆಯಬೇಕು. ಮರೆತರೆ ಫೈಲುಗಳ ಪಟ್ಟಿ ತೋರಿಸುವ 'ಎಲ್ಎಸ್' ಕೂಡ ಸಿಗುವುದಿಲ್ಲ. ಆದರೆ ಫೋಲ್ಡರ್ ಬದಲಿಸುವ 'ಸಿಡಿ' ಮಾತ್ರ ನಡೆಯುತ್ತದೆ, ಅದು ಶೆಲ್ಲಿನ ಒಳಗೇ ಇರುವುದರಿಂದ. ಇದನ್ನು ಬೇಕೆಂದೇ ಮಾಡಿಸಿ ತೋರಿಸುತ್ತೇನೆ. ವಿಂಡೋ ಮುಚ್ಚಿ ಹೊಸದು ತೆರೆದರೆ ಮೊದಲಿನಂತಾಗುತ್ತದೆ. ಶಾಶ್ವತವಾಗಿ ಬೇಕಾದ್ದನ್ನು ಶೆಲ್ ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಬರೆದಿಡಬೇಕು.

ಕೋಡನ್ನು ಲಿನಕ್ಸಿನ ಹೋಮ್ ಫೋಲ್ಡರಿನಲ್ಲೇ ಇಡಿ. ಸಿ ಡ್ರೈವಿನಲ್ಲಿಟ್ಟರೆ ಗಿಟ್ ತೆವಳುತ್ತದೆ.

ಗಿಟ್ 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ಲಿಗಾಗಿ ಬರೆದದ್ದು. ಅದಕ್ಕೆ ನಿಮ್ಮ ಹೆಸರು, ಇಮೇಲ್ ಹೇಳಿಕೊಡಬೇಕು. ಬದಲಾವಣೆ ದಾಖಲಿಸುವ ಪ್ರತಿ ಕಮಿಟ್ಟಿನಲ್ಲೂ ಅವು ಅಚ್ಚಾಗುತ್ತವೆ. ಹಾಗಾಗಿ ಊರಿಗೆಲ್ಲ ಗೊತ್ತಾದರೂ ಪರವಾಗಿಲ್ಲ ಎನ್ನುವ ಇಮೇಲ್ ಕೊಡಿ. ಕೋಡ್ ಇಡುವ ತಾಣ ಗಿಟ್‌ಹಬ್ 2021ರ ಆಗಸ್ಟ್‌ನಿಂದ ಕೋಡ್ ಕಳಿಸಲು ಅಕೌಂಟಿನ ಪಾಸ್‌ವರ್ಡ್ ಒಪ್ಪುತ್ತಿಲ್ಲ. ಅದರ ಬದಲು ಎಸ್ಎಸ್ಎಚ್ ಕೀ ಮಾಡಿಕೊಂಡರೆ ಎರಡು ಫೈಲ್ ಹುಟ್ಟುತ್ತವೆ: 'ಪಬ್' ಎಂದು ಮುಗಿಯುವುದನ್ನು ಗಿಟ್‌ಹಬ್ಬಿಗೆ ಕೊಡಿ, ಇನ್ನೊಂದನ್ನು ಗೆಳೆಯನಿಗೂ ವಾಟ್ಸಾಪ್ ಮಾಡಬೇಡಿ.

ಗಿಟ್ಟಿಗೆ ಹೆಸರನ್ನು ಕನ್ನಡದಲ್ಲೇ ಕೊಡಬಹುದು, ಅದು ಕಿರಿಕಿರಿ ಮಾಡುವುದಿಲ್ಲ. ಕಿರಿಕಿರಿ ಆ ಕಪ್ಪು ಪರದೆಯದು, ಅಂದರೆ ಟರ್ಮಿನಲ್ಲಿನದು. ಒಂದೊಂದು ಅಕ್ಷರಕ್ಕೂ ಒಂದೇ ಅಳತೆಯ ಚೌಕ ಕೊಡುವ ಜಾಯಮಾನ ಅದರದ್ದು. 'ಲಕ್ಷ್ಮಿ'ಯ ಒತ್ತುಗಳು ಆ ಚೌಕದೊಳಗೆ ಕೂರದೆ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಫೈಲಿನೊಳಗೆ ಏನೂ ಕೆಟ್ಟಿರುವುದಿಲ್ಲ. ಅದನ್ನೇ ವಿಎಸ್ ಕೋಡ್‌ನ ಎಡಿಟರಿನಲ್ಲಿ ತೆರೆದರೆ ಲಕ್ಷ್ಮಿ ಸರಿಯಾಗಿಯೇ ಇರುತ್ತಾಳೆ.